ಎದೆ ಡವಡವ ಅಂತ ಹೋದರೆ "ಕಾಲು ನೆಲಕ್ಕೆ ತಾಗ್ತಾ ಇದೆಯಾ" ಅಂತ ಕೇಳಿದರು. ಇಂಥ ಕೌನ್ಸೆಲಿಂಗ್‌ಗೆ ಹೋದವರು ಯಾರಾದರೂ ಇದ್ದೀರಾ?

ಆಳಂದ ಮಾಸ್ತರ (ಕಲಬುರಗಿ)

ಸ್ವಲ್ಪ ಉದ್ದ ಆಗುತ್ತೆ. ಪುರುಸೊತ್ತು ಇದ್ದವರು ಓದಿ.

ಹೋದ ಮಳೆಗಾಲದಲ್ಲಿ ಶುರುವಾಯಿತು. ಎಂಟನೇ ಕ್ಲಾಸಿಗೆ ಗಣಿತ ಹೇಳುತ್ತಾ ನಿಂತಿದ್ದೆ. ಒಮ್ಮೆಲೇ ಎದೆ ಡವಡವ. ಬೆರಳ ತುದಿಗೆ ಜೋಮು, ತುಟಿ ಸುತ್ತ ಇರುವೆ ಹರಿದ ಹಾಗೆ. ಚಾಕ್‌ಪೀಸ್ ಕೈಯಿಂದ ಬಿತ್ತು. ಹಾರ್ಟ್ ಅಟ್ಯಾಕೇ ಅಂದುಕೊಂಡೆ. ಹೆಡ್ ಮಾಸ್ತರರ ಬೈಕ್ ಹಿಂದೆ ಕೂತು ದವಾಖಾನೆಗೆ ಹೋದೆ. ಇಸಿಜಿ ನಾರ್ಮಲ್. ಆಮೇಲೆ ಎರಡು ತಿಂಗಳಲ್ಲಿ ನಾಲ್ಕು ಸಲ ಹಾಗೇ ಆಯಿತು. ಎಕೋ ಆಯಿತು, ಟಿಎಂಟಿ ಆಯಿತು, ಗ್ಯಾಸ್ ಇರಬಹುದು ಅಂತ ಎಂಡೋಸ್ಕೋಪಿಯೂ ಆಯಿತು. ಸೊಲ್ಲಾಪುರಕ್ಕೂ ಹೋಗಿ ಬಂದೆ. ನಮ್ಮ ಕಡೆಯವರಿಗೆ ಸೊಲ್ಲಾಪುರ ಇಲ್ಲಾ ಹೈದರಾಬಾದ್ ನೋಡದೆ ಸಮಾಧಾನ ಇಲ್ಲ, ಅಲ್ವಾ? ಫೈಲು ದಪ್ಪ ಆಯಿತು ಅಷ್ಟೇ. ಎಲ್ಲರದ್ದೂ ಒಂದೇ ಮಾತು: "ಏನೂ ಇಲ್ರಿ ಮಾಸ್ತರ, ಟೆನ್ಷನ್ ಬಿಡ್ರಿ." ಬಿಡೋದು ಹೆಂಗ ಅಂತ ಒಬ್ಬರೂ ಹೇಳಲಿಲ್ಲ.

ಕೊನೆಗೆ ಗೆಳೆಯನೊಬ್ಬ ಊರಲ್ಲೇ ಇರುವ ಒಬ್ಬ ಕೌನ್ಸೆಲರ್ ಮೇಡಂ ಹತ್ತಿರ ಕಳಿಸಿದ. ಮನಸ್ಸು, ಮೈ ಎರಡನ್ನೂ ಸೇರಿಸಿ ನೋಡುತ್ತಾರಂತೆ. ಚಪ್ಪಲಿ ಬಿಟ್ಟು ಒಳಗೆ ಹೋಗಿ ಕೂತೆ. ಶಹಾಬಾದ್ ಫರ್ಸಿ ನೆಲ. ಫೈಲು ಕೊಟ್ಟೆ. ಪೂರ್ತಿ ನೋಡಿದರು, ಮುಚ್ಚಿಟ್ಟರು. ಆಮೇಲೆ "ಕಾಲು ನೆಲಕ್ಕೆ ತಾಗ್ತಾ ಇದೆಯಾ?" ಅಂದರು. ನನಗೆ ನಗು ಬಂತು. "ಹಿಮ್ಮಡಿ ತಣ್ಣಗಿದೆಯೋ ಬೆರಳು ತಣ್ಣಗಿದೆಯೋ, ನೋಡಿ ಹೇಳಿ." ನೋಡಿದರೆ ಹಿಮ್ಮಡಿ ಎತ್ತಿಕೊಂಡೇ ಕೂತಿದ್ದೆ! ಬಸ್ ಬಂದ ಕೂಡಲೇ ಓಡಬೇಕು ಅನ್ನೋರ ಹಾಗೆ. ಇಳಿಸಿದೆ. ಹಲ್ಲು ಕಚ್ಚಿದ್ದೆ, ಎರಡೂ ಭುಜ ಕಿವಿ ಹತ್ತಿರ ಇದ್ದವು ಅನ್ನೋದು ಆಗಲೇ ಗೊತ್ತಾಗಿದ್ದು.

ಮೊದಲ ದಿನ ಬರೀ ಪ್ರಶ್ನೆ. ನಿದ್ದೆ ಎಷ್ಟು, ಊಟ ಯಾವಾಗ, ಚಾ ಎಷ್ಟು ಸಲ. ಲೆಕ್ಕ ಹಾಕಿದರೆ ದಿನಕ್ಕೆ ಒಂಬತ್ತು ಚಾ. ಜೊತೆಗೆ ತಂಬಾಕು. ಥೈರಾಯ್ಡ್, ಬಿ12, ಹಿಮೋಗ್ಲೋಬಿನ್ ಮೂರನ್ನೂ ಮಾಡಿಸಿಕೊಂಡು ಬನ್ನಿ ಅಂತ ಚೀಟಿ ಬರೆದರು. ಅಷ್ಟು ದಪ್ಪ ಫೈಲಿನಲ್ಲಿ ಈ ಮೂರೇ ಇರಲಿಲ್ಲ ನೋಡಿ.

ಮೂರನೇ ಸಲ ಹೋದಾಗ ಮನೆಯವರ ಬಗ್ಗೆ ಮಾತು ಬಂತು. 2021ರ ಕೋವಿಡ್‌ನಲ್ಲಿ ನಮ್ಮ ಅಣ್ಣ ಹೋದ. ಮುಖ ನೋಡೋಕೂ ಬಿಡಲಿಲ್ಲ. ಅದನ್ನು ಸುಮ್ನೆ ಸುದ್ದಿ ಹೇಳಿದ ಹಾಗೆ ಹೇಳಿ ಮುಂದೆ ಹೋಗುತ್ತಿದ್ದೆ. ಮೇಡಂ ತಡೆದರು. "ಕೈ ಎಲ್ಲಿಗೆ ಹೋಯಿತು, ನೋಡಿದಿರಾ?" ಗಂಟಲು ಹಿಡಿದುಕೊಂಡಿದ್ದೆ. ಮುಂದಿನದು ಇಲ್ಲಿ ಬರೆಯೋಲ್ಲ.

ಈಗ ಹತ್ತು ಸಲ ಆಗಿದೆ. ಒಂದು ಸಲಕ್ಕೆ 800 ರೂಪಾಯಿ. ಗಾಬರಿ ಪೂರ್ತಿ ಹೋಗಿಲ್ಲ, ಆದರೆ ಬಂದರೆ ಮೇಡಂ ಹೇಳಿಕೊಟ್ಟ ಹಾಗೆ ನಿಧಾನ ಉಸಿರಾಡಿ ಎದುರಿಸೋಕೆ ಬರುತ್ತೆ. ನಮ್ಮ ಭಾವ ಮಾತ್ರ "ರೊಕ್ಕ ಕೊಟ್ಟು ಉಸಿರಾಡಾಕ ಹೋಗ್ತೀಯೇನೋ" ಅಂತ ನಗುತ್ತಾನೆ. ಇದು ನಿಜವಾದ ಚಿಕಿತ್ಸೆಯೋ, ಯೋಗಕ್ಕೇ ಹೊಸ ಹೆಸರೋ? ಗೊತ್ತಿದ್ದವರು ಹೇಳಿ.

ಮೆಡಿಕಲ್ ಅಂಗಡಿ (ಯಾದಗಿರಿ)

ಮಾಸ್ತರ, ನಿಮಗೆ ಒಳ್ಳೆಯವರು ಸಿಕ್ಕಿದ್ದಾರೆ, ಸಂತೋಷ. ಎಲ್ಲರಿಗೂ ಸಿಗೋಲ್ಲ.

ನನ್ನ ತಂಗಿಗೆ ಮೂಡ್ ಏರಿಳಿತದ ಕಾಯಿಲೆ. ಲಿಥಿಯಂ ಮಾತ್ರೆ ಮೇಲೆ ಆರು ವರ್ಷ ಚೆನ್ನಾಗಿದ್ದಳು. ದೊಡ್ಡ ಊರಿನ ಒಂದು ಕೇಂದ್ರದವರು, ಹೆಸರು ಹೇಳೋಲ್ಲ, 21 ದಿನದ ಶಿಬಿರ ಅಂತ ಕರೆದರು. ಅಲ್ಲಿ ದೇಹದ ವಿಷ ತೆಗೀತೀವಿ, ಮಾತ್ರೆ ಬೇಡ ಅಂದರು. ಬಿಡಿಸಿದರು. ತಿಂಗಳು ತುಂಬೋದರಲ್ಲಿ ರಾತ್ರಿಯಿಡೀ ಎದ್ದು ಓಡಾಡೋಕೆ ಶುರು ಮಾಡಿದಳು, ಬಂಗಾರ ಅಡವಿಟ್ಟು ಯಾರ್‍ಯಾರಿಗೋ ಸೀರೆ ತಂದಳು. ಮತ್ತೆ ಅಡ್ಮಿಟ್. ಶಿಬಿರಕ್ಕೆ ಕೊಟ್ಟ ದುಡ್ಡು ಬಿಡಿ, ಅವಳ ಒಂದು ವರ್ಷ ಹೋಯಿತು.

ಅದಕ್ಕೇ "ಹೋಲಿಸ್ಟಿಕ್", ಮೈ ಮನಸ್ಸು ಎಲ್ಲಾ ಸೇರಿಸಿ ನೋಡ್ತೀವಿ ಅನ್ನೋ ಬೋರ್ಡು ಕಂಡರೆ ನನಗೆ ಮೈ ಉರಿಯುತ್ತೆ.

ಬೀದರ್ ನರ್ಸಕ್ಕ

ಇಬ್ಬರದೂ ಸರಿ ಇದೆ. ಮನೋರೋಗ ವಾರ್ಡಿನಲ್ಲಿ ಹನ್ನೊಂದು ವರ್ಷ ಕೆಲಸ ಮಾಡಿದ್ದೇನೆ, ಅದರಿಂದ ಹೇಳುತ್ತೇನೆ.

ಮೊದಲು ಮಾಸ್ತರರ ಜೋಮಿನ ವಿಷಯ. ಗಾಬರಿ ಆದಾಗ ನಮಗೆ ಗೊತ್ತಿಲ್ಲದೆ ಎದೆಯ ಮೇಲ್ಭಾಗದಿಂದಲೇ ಬೇಗ ಬೇಗ ಉಸಿರಾಡುತ್ತೇವೆ. ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಇಳಿಯುತ್ತೆ. ಬೆರಳಿಗೆ, ತುಟಿ ಸುತ್ತ ಜೋಮು ಬರೋದು, ತಲೆ ತಿರುಗೋದು ಅದಕ್ಕೇ. ಜೋಮು ಬಂತು ಅಂದ ಕೂಡಲೇ "ಸತ್ತೆ" ಅನ್ನಿಸುತ್ತೆ, ಉಸಿರು ಇನ್ನೂ ಬೇಗ ಆಗುತ್ತೆ, ಜೋಮು ಇನ್ನೂ ಏರುತ್ತೆ. ಗಾಣದ ಎತ್ತು ಸುತ್ತಿದ ಹಾಗೆ. "ಟೆನ್ಷನ್ ಬಿಡ್ರಿ" ಅನ್ನೋ ಮಾತಿಗೆ ಈ ಎತ್ತು ನಿಲ್ಲೋಲ್ಲ. ಉಸಿರಿಗೆ ನಿಲ್ಲುತ್ತೆ.

ನಾಡಿ ಹಿಡಿದು ನೀವೇ ನೋಡಿ. ಉಸಿರು ಎಳೆದಾಗ ನಾಡಿ ಸ್ವಲ್ಪ ಜೋರು, ಬಿಟ್ಟಾಗ ಸ್ವಲ್ಪ ನಿಧಾನ. ಬಿಡೋದನ್ನು ಉದ್ದ ಮಾಡಿದರೆ ಎದೆ ಬಡಿತ ಇಳಿಯುತ್ತೆ. ನಿಮಿಷಕ್ಕೆ ಆರು ಉಸಿರಿನಷ್ಟು ನಿಧಾನ ಅಂದರೆ ಸಾಕು. ಮಿದುಳಿನ ಬುಡದಿಂದ ಎದೆ, ಹೊಟ್ಟೆ ತನಕ ವೇಗಸ್ ಅಂತ ಒಂದು ನರ ಇಳಿದಿದೆ. ಅದರ ಎಳೆಗಳಲ್ಲಿ ಜಾಸ್ತಿ ಪಾಲು ಕೆಳಗಿನ ಸುದ್ದಿಯನ್ನು ಮೇಲಕ್ಕೆ ಒಯ್ಯುವಂಥವು. ಹೊಟ್ಟೆಯಲ್ಲಿ ಸಂಕಟ ಆದರೆ ಮನಸ್ಸು ಕೆಡೋದು ಸುಮ್ನೆ ಅಲ್ಲ.

ಇದು ಹೊಸದೂ ಅಲ್ಲ. ಒಂದೊಂದೇ ಸ್ನಾಯು ಬಿಗಿ ಮಾಡಿ ಸಡಿಲ ಬಿಡುವ ಪದ್ಧತಿಯನ್ನು ಅಮೆರಿಕದ ವೈದ್ಯ ಎಡ್ಮಂಡ್ ಜೇಕಬ್‌ಸನ್ ಸುಮಾರು ನೂರು ವರ್ಷದ ಹಿಂದೆಯೇ ತಂದರು. 1979ರಲ್ಲಿ ಜಾನ್ ಕಬಾಟ್-ಜಿನ್ ಮ್ಯಾಸಚೂಸೆಟ್ಸ್‌ನ ಮೆಡಿಕಲ್ ಕಾಲೇಜಿನಲ್ಲಿ, ಎಷ್ಟು ಔಷಧಿ ಮಾಡಿದರೂ ನೋವು ಹೋಗದ ರೋಗಿಗಳಿಗೆ ಧ್ಯಾನ ಕಲಿಸೋಕೆ ಶುರು ಮಾಡಿದರು. ನಮ್ಮ ನಿಮ್ಹಾನ್ಸ್‌ನಲ್ಲೇ ಯೋಗ, ಆಯುರ್ವೇದ ಸೇರಿಸಿ ನೋಡುವ ಇಂಟಿಗ್ರೇಟಿವ್ ಮೆಡಿಸಿನ್ ವಿಭಾಗ ಇದೆ. ಅಲ್ಲಿ ಯೋಗ ಮಾಡಿಸುವಾಗ ಮಾತ್ರೆ ಕಸಿದುಕೊಳ್ಳೋಲ್ಲ.

ಅಂಗಡಿ ಅಣ್ಣ, ನಿಮ್ಮ ತಂಗಿಗೆ ಆದದ್ದು ತಪ್ಪೇ. ಕೌನ್ಸೆಲರ್ ಆದವರಿಗೆ ಮನೋವೈದ್ಯರ ಮಾತ್ರೆ ನಿಲ್ಲಿಸುವ ಅಧಿಕಾರವೇ ಇಲ್ಲ. ಯಾರಾದರೂ "ನಿಲ್ಲಿಸಿ" ಅಂದರೆ ಅಲ್ಲಿಂದಲೇ ಎದ್ದು ಬನ್ನಿ.

ಇನ್ನೊಂದು ಮಾತು. ಮೊದಲ ಸಲ ಎದೆ ನೋವು ಬಂದರೆ ಇದೆಲ್ಲ ನೆನಪು ಮಾಡಿಕೊಂಡು ಮನೇಲಿ ಕೂರಬೇಡಿ. ಮಾಸ್ತರ ಮಾಡಿದ್ದೇ ಸರಿ, ಮೊದಲು ಇಸಿಜಿ.

ಬೆಳಗಿನ ಯೋಗ (ಕಲಬುರಗಿ)

ಇದಕ್ಕೆಲ್ಲ 800 ಯಾಕೆ ಕೊಡಬೇಕು? ದಿನಾ ಬೆಳಿಗ್ಗೆ ಅಪ್ಪನ ಕೆರೆ ಹತ್ತಿರ ಬನ್ನಿ, ಕಪಾಲಭಾತಿ ಹದಿನೈದು ನಿಮಿಷ. ಗಾಬರಿ, ಡಿಪ್ರೆಶನ್, ಶುಗರ್ ಎಲ್ಲಾ ಮೂರು ತಿಂಗಳಲ್ಲಿ ಓಡುತ್ತೆ. ಗ್ಯಾರಂಟಿ.

ಬೀದರ್ ನರ್ಸಕ್ಕ

ಸರ್, ಕೆರೆ ದಂಡೆ ವಾಕಿಂಗ್‌ಗೆ ನನ್ನದೂ ಜೈ. ಗ್ಯಾರಂಟಿ ಬೇಡ. ಗಾಬರಿ ಕಾಯಿಲೆ ಇರುವವರಿಗೆ ಜೋರು ಜೋರು ಉಸಿರಾಟ ಎಷ್ಟೋ ಸಲ ಗಾಬರಿಯನ್ನೇ ಎಬ್ಬಿಸುತ್ತೆ, ಯಾಕೆ ಅಂತ ಮೇಲೆ ಬರೆದಿದ್ದೇನೆ. ಅವರಿಗೆ ನಿಧಾನದ ಉಸಿರೇ ಸರಿ.

ಆಳಂದ ಮಾಸ್ತರ (ಕಲಬುರಗಿ)

ನನಗೂ ಹಾಗೇ ಆಗಿತ್ತು. ಟೀವಿ ನೋಡಿ ಕಪಾಲಭಾತಿ ಮಾಡಿದೆ, ಐದನೇ ನಿಮಿಷಕ್ಕೆ ಹೆಂಡತಿ ನೀರು ಹಿಡಿದು ನಿಂತಿದ್ದಳು.

ಏಪ್ರಿಲ್‌ನಲ್ಲಿ ವಾಕಿಂಗ್ ಅಂದರೆ ಮಾತ್ರ ಆರೂವರೆ ಒಳಗೆ ಮುಗಿಸಬೇಕು. ಆಮೇಲೆ ಹೋದರೆ ಡವಡವ ಅಂದದ್ದು ಗಾಬರಿಗೋ ಬಿಸಿಲಿಗೋ ಗೊತ್ತಾಗೋಲ್ಲ.

ಸುರಪುರದ ಸೊಸೆ

ನಾನು ಯಾವಾಗಲೂ ಓದಿ ಸುಮ್ನೆ ಹೋಗುವವಳು. ಇವತ್ತು ಬರೆಯಬೇಕು ಅನ್ನಿಸಿತು.

ಎರಡನೇ ಹೆರಿಗೆ ಆಗಿ ನಾಲ್ಕು ತಿಂಗಳಿಗೆ ನನಗೆ ಏನೋ ಆಯಿತು. ಕೂಸು ಅತ್ತರೂ ಎತ್ತಿಕೊಳ್ಳೋಕೆ ಮನಸ್ಸಾಗುತ್ತಿರಲಿಲ್ಲ. ಮೈಯೆಲ್ಲ ಭಾರ, ಮಾತು ಬೇಡ, ಕೂದಲು ಕೈತುಂಬ ಉದುರೋದು. ಅತ್ತೆಯವರು ಕೆಟ್ಟವರಲ್ಲ, ಭಯಪಟ್ಟರು. ಗಾಳಿ ಸೋಕಿದೆ ಅಂದರು. ಗಾಣಗಾಪುರಕ್ಕೆ ಕರೆದುಕೊಂಡು ಹೋದರು. ಭೀಮಾ ಅಮರ್ಜಾ ಸಂಗಮದಲ್ಲಿ ಸ್ನಾನ, ಮಧ್ಯಾಹ್ನದ ಆರತಿ. ಆರತಿ ಗಂಟೆ ಹೊಡೆಯುವಾಗ ಸುತ್ತ ಇದ್ದ ಹೆಂಗಸರು ಕೂಗೋದು, ಕಂಬ ಹಿಡಿದು ಅಳೋದು ನೋಡಿ ನಾನೂ ಅತ್ತುಬಿಟ್ಟೆ. ಹೆರಿಗೆ ಆದ ಮೇಲೆ ಮೊದಲ ಸಲ ಅತ್ತದ್ದು. ಅವತ್ತು ರಾತ್ರಿ ಚೆನ್ನಾಗಿ ನಿದ್ದೆ ಬಂತು. ಸುಳ್ಳು ಹೇಳೋಲ್ಲ. ನಾಲ್ಕು ದಿನ ಕಳೆದ ಮೇಲೆ ಮತ್ತೆ ಅದೇ ಭಾರ.

ಆಶಾ ಅಕ್ಕ ಮನೆಗೆ ಬಂದಾಗ ನನ್ನ ಮುಖ ನೋಡಿ ತಾಲೂಕು ಆಸ್ಪತ್ರೆಗೆ ಕಳಿಸಿದಳು. ರಕ್ತ ಪರೀಕ್ಷೆಯಲ್ಲಿ ಥೈರಾಯ್ಡ್ ಏರುಪೇರು ಬಂತು. ಹೆರಿಗೆ ಆದ ವರ್ಷದಲ್ಲಿ ಕೆಲವರಿಗೆ ಹಾಗಾಗುತ್ತಂತೆ. ಬೆಳಿಗ್ಗೆ ಖಾಲಿ ಹೊಟ್ಟೆಯ ಒಂದು ಸಣ್ಣ ಮಾತ್ರೆ, ಜೊತೆಗೆ ಕೌನ್ಸೆಲಿಂಗ್. ಅಲ್ಲಿಯ ಅಕ್ಕ ನಮ್ಮ ಅತ್ತೆಯವರನ್ನೂ ಕೂರಿಸಿಕೊಂಡು ಮಾತಾಡಿದರು. ರಾತ್ರಿ ಒಂದು ಹೊತ್ತು ಕೂಸನ್ನು ಅವರು ನೋಡಿಕೊಂಡರೆ ನಾನು ನಾಲ್ಕು ತಾಸು ಒಂದೇ ಸಮ ಮಲಗಬಹುದು ಅಂತ ಲೆಕ್ಕ ಹಾಕಿ ಕೊಟ್ಟರು. ನನಗೆ ಜಾಸ್ತಿ ಕೆಲಸ ಮಾಡಿದ್ದು ಮಾತ್ರೆಯೋ ಆ ನಾಲ್ಕು ತಾಸೋ ಇವತ್ತಿಗೂ ಹೇಳೋಕೆ ಬರೋಲ್ಲ.

ಮಾಸ್ತರ, ಒಂದು ಕೇಳಲೇ? ಮೈ ಮನಸ್ಸು ಸೇರಿಸಿ ನೋಡುತ್ತಾರೆ ಅಂದರೆ ಮೈ ಮುಟ್ಟುತ್ತಾರಾ? ಹೆಣ್ಣುಮಕ್ಕಳು ಹೋಗಬಹುದಾ?

ಆಳಂದ ಮಾಸ್ತರ (ಕಲಬುರಗಿ)

ಇಲ್ಲ ತಾಯಿ. ಮೇಡಂ ಕುರ್ಚಿ ನನ್ನಿಂದ ನಾಲ್ಕು ಅಡಿ ದೂರ ಇರುತ್ತೆ. ಬಾಗಿಲಿಗೆ ಗಾಜಿದೆ, ಹೊರಗೆ ಅವರ ಸಹಾಯಕಿ ಕೂತಿರುತ್ತಾಳೆ. ಕಣ್ಣು ಮುಚ್ಚಿ ಅಂತ ಹೇಳುವ ಮುಂಚೆಯೂ "ಮುಚ್ಚಬಹುದಾ, ತೆರೆದೇ ಇರಲಾ?" ಅಂತ ಕೇಳುತ್ತಾರೆ. ನಾನು ಮೊದಲ ಎರಡು ಸಲ ತೆರೆದೇ ಇಟ್ಟಿದ್ದೆ.

ಬೀದರ್ ನರ್ಸಕ್ಕ

ಒಳ್ಳೆ ಪ್ರಶ್ನೆ ಕೇಳಿದಿರಿ ತಂಗಿ. ಕೌನ್ಸೆಲಿಂಗ್‌ಗೆ ಮುಟ್ಟುವ ಅಗತ್ಯ ಇಲ್ಲ. ಕೇಳದೆ ಮುಟ್ಟಿದರೆ, ಮನೆಯವರನ್ನು ದೂರ ಇಡು ಅಂದರೆ, ಅದು ಚಿಕಿತ್ಸೆ ಅಲ್ಲ.

ಕಣ್ಣು ಮುಚ್ಚುವ ವಿಷಯವೂ ಸಣ್ಣದಲ್ಲ. ಹಿಂದೆ ಹೊಡೆತ ತಿಂದವರು, ಕೆಟ್ಟದ್ದು ಅನುಭವಿಸಿದವರು ಕಣ್ಣು ಮುಚ್ಚಿ ಮೈ ಕಡೆ ಗಮನ ಕೊಟ್ಟರೆ ಹಳೆಯದೆಲ್ಲ ಒಮ್ಮೆಲೇ ಎದ್ದು ಬರಬಹುದು. ಬಲ್ಲವರು ಕಾಲಿನಿಂದ, ನೆಲದಿಂದ ಶುರು ಮಾಡೋದು ಇದಕ್ಕೇ. ಎದೆ, ಹೊಟ್ಟೆಗೆ ನಿಧಾನವಾಗಿ ಬರುತ್ತಾರೆ.

ಓದು ಏನು ಅಂತ ಕೇಳೋಕೆ ನಾಚಿಕೆ ಬೇಡ. ಕ್ಲಿನಿಕಲ್ ಸೈಕಾಲಜಿಸ್ಟ್ ಅಂತ ಬೋರ್ಡು ಇದ್ದರೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ನಂಬರ್ ಇರಬೇಕು. ಬರೀ "ಥೆರಪಿಸ್ಟ್", "ಹೀಲರ್" ಅಂತ ಯಾರು ಬೇಕಾದರೂ ಹಾಕಿಕೊಳ್ಳುತ್ತಾರೆ.

ಕೋಟೆ ಹುಡುಗ (ಬೀದರ್)

ನಮ್ಮ ಮನೇಲಿ ಅಮ್ಮಿಗೆ ಹತ್ತು ವರ್ಷದಿಂದ "ದಿಲ್ ಘಬರಾತಾ". ಡಾಕ್ಟರ್ ಹತ್ತಿರ ಹೋದರೆ ದಿಲ್ ಅಂದ ಕೂಡಲೇ ಹಾರ್ಟ್ ಅಂತ ಬರೆದುಕೊಂಡು ಇಸಿಜಿ ಮಾಡುತ್ತಾರೆ. ಅಮ್ಮಿ ಹೇಳೋ ದಿಲ್ ಬೇರೆನೇ. ಅಬ್ಬಾ ಸೌದಿಯಲ್ಲಿ, ಅಕ್ಕನ ಮದುವೆ ಬಾಕಿ, ಅದೆಲ್ಲ ಸೇರಿ ಆ ದಿಲ್. ಗುರುವಾರ ದರ್ಗಾಕ್ಕೆ ಹೋಗಿ ಬಂದರೆ ಎರಡು ದಿನ ಹಗುರ ಇರುತ್ತಾರೆ. ಕೌನ್ಸೆಲಿಂಗ್ ಅಂದರೆ "ನಾನೇನು ಪಾಗಲ್ಲಾ?" ಅಂತ ಬೈಯುತ್ತಾರೆ. ಏನು ಮಾಡಲಿ?

ಆಳಂದ ಮಾಸ್ತರ (ಕಲಬುರಗಿ)

ತಮ್ಮಾ, ಕೌನ್ಸೆಲಿಂಗ್ ಅನ್ನೋ ಪದವೇ ಬೇಡ. ನಿದ್ದೆಗೆ, ಎದೆ ಬಡಿತಕ್ಕೆ ತೋರಿಸೋಣ ಅನ್ನು. ಸುಳ್ಳೂ ಅಲ್ಲ. ನಾನೂ ಎದೆ ಅಂತಲೇ ಹೋದವನು, ಮನಸ್ಸು ಅಂದಿದ್ದರೆ ಹೊಸ್ತಿಲು ದಾಟುತ್ತಿರಲಿಲ್ಲ. ನಮ್ಮ ಮಂದಿ ದುಃಖವನ್ನು ಮೈ ಮೇಲೆ ಇಟ್ಟೇ ಹೇಳುತ್ತಾರೆ. ಹೊಟ್ಟಿ ಉರೀತದ, ಕರುಳು ಕಿತ್ತು ಬರ್ತದ, ಎದಿ ಒಡೀತು. ಇಂಥ ಮಾತು ಕೇಳಿ ಬರೀ ಗ್ಯಾಸಿನ ಮಾತ್ರೆ ಬರೆಯದವರು ಸಿಗಬೇಕು ಅಷ್ಟೇ.

ದರ್ಗಾ ಬಿಡಿಸಬೇಡ. ಹೋಗಲಿ. ಜೊತೆಗೆ ಇದೂ ಇರಲಿ.

ತೊಗರಿ ಹೊಲ (ಜೇವರ್ಗಿ ಕಡೆ)

ಎಲ್ಲಾ ಓದಿದೆ. ಚೆನ್ನಾಗಿದೆ. ಆದರೆ ನಮ್ಮಂಥವರಿಗೆ ಇದು ಏನು ಉಪಯೋಗ ಹೇಳಿ?

ಅಪ್ಪ ಆರು ಎಕರೆ ತೊಗರಿ ಹಾಕಿದ್ದ. ಕಾಯಿ ಕಟ್ಟುವ ಹೊತ್ತಿಗೆ ನೆಟೆ ರೋಗ ಬಂದು ನಿಂತ ನಿಂತಲ್ಲೇ ಒಣಗಿತು. ಬ್ಯಾಂಕಿನದೊಂದು ಸಾಲ, ಸಂಘದ ಸಾಲ, ಕೈಗಡ. ಈಗ ಎರಡು ತಿಂಗಳಿಂದ ರಾತ್ರಿ ಮಲಗೋಲ್ಲ. ಅಂಗಳದಲ್ಲಿ ಕೂತಿರುತ್ತಾನೆ. ರೊಟ್ಟಿ ಮುರಿಯುತ್ತಾನೆ, ಬಾಯಿಗೆ ಇಡೋಲ್ಲ. ಗಂಟಲಲ್ಲಿ ಏನೋ ಸಿಕ್ಕಿದೆ ಅಂತಾನೆ. ಗಂಟಲಿನ ಡಾಕ್ಟರಿಗೂ ತೋರಿಸಿದೆ, ಏನಿಲ್ಲ ಅಂದರು. ಹೋದ ವಾರ "ನಾ ಹೋದ್ರ ನಿಮಗ ಪರಿಹಾರನಾದ್ರೂ ಬರ್ತದ" ಅಂದ. ಅವ್ವ ಅಳುತ್ತಾ ಒಳಗೆ ಹೋದಳು.

ಉದ್ದ ಉಸಿರು ಬಿಟ್ಟರೆ ಸಾಲ ತೀರುತ್ತಾ?

ಬೀದರ್ ನರ್ಸಕ್ಕ

ತಮ್ಮಾ, ಉಸಿರಿನ ಮಾತು ಆಮೇಲೆ. ಮೊದಲು ಇವತ್ತು ರಾತ್ರಿಯ ಮಾತು.

ಹೊಲಕ್ಕೆ ಹೊಡೆಯುವ ಹುಳದ ಎಣ್ಣೆ, ಅಂದರೆ ಕೀಟನಾಶಕ, ಮನೇಲಿ, ಕೊಟ್ಟಿಗೆಯಲ್ಲಿ ಇದ್ದರೆ ಈಗಲೇ ತೆಗೆದು ಬೇರೆಯವರ ಮನೆಗೆ ಕೊಡು. ಒಂದು ಬಾಟಲಿಯೂ ಉಳಿಯಬಾರದು. ಅಪ್ಪನನ್ನು ಒಬ್ಬನೇ ಬಿಡಬೇಡಿ. ಅಂಗಳದಲ್ಲಿ ಕೂತರೆ ಪಕ್ಕದಲ್ಲಿ ನೀನೂ ಹಾಸಿಕೊಂಡು ಮಲಗು. "ಸಾಯಬೇಕು ಅನ್ನಿಸುತ್ತಾ ಅಪ್ಪಾ?" ಅಂತ ನೇರವಾಗಿ ಕೇಳು. ಕೇಳಿದರೆ ತಲೆಗೆ ಹಾಕಿದ ಹಾಗೆ ಆಗುತ್ತೆ ಅಂತ ಹೆದರಬೇಡ, ಆಗೋಲ್ಲ. ಎಷ್ಟೋ ಜನ ಕೇಳಿದಾಗಲೇ ಬಾಯಿ ಬಿಡೋದು.

14416ಕ್ಕೆ ಫೋನ್ ಮಾಡು. ಟೆಲಿ ಮಾನಸ್ ಅಂತ, ಸರ್ಕಾರದ್ದೇ. 2022ರ ಅಕ್ಟೋಬರ್ 10ಕ್ಕೆ ಶುರುವಾಯಿತು. ಹಗಲು ರಾತ್ರಿ ಇರುತ್ತೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಅಪ್ಪ ಮಾತಾಡದಿದ್ದರೆ ನೀನೇ ಮಾತಾಡು. ನಾಳೆ ಕರೆದುಕೊಂಡು ಹೋಗು, ಕಲಬುರಗಿಗೆ ಬಂದರೆ ಜಿಮ್ಸ್ ಸರ್ಕಾರಿ ಆಸ್ಪತ್ರೆಯಲ್ಲಿ ಮನೋರೋಗದ ಓಪಿಡಿ ಇದೆ. ತಾಲೂಕು ಆಸ್ಪತ್ರೆಗಳಿಗೆ ಮನೋಚೈತನ್ಯ ಅಂತ ಮಂಗಳವಾರ ಮನೋವೈದ್ಯರು ಬರುವ ಕಾರ್ಯಕ್ರಮವೂ ಇದೆ, ಆದರೆ ನೀನು ಮಂಗಳವಾರದ ತನಕ ಕಾಯಬೇಡ.

ನಿದ್ದೆ ಇಲ್ಲ, ಊಟ ಇಲ್ಲ, ಸಾಯುವ ಮಾತು. ಇದಕ್ಕೆ ಮಾತ್ರೆ ಬೇಕಾಗಬಹುದು. ಇಂಥ ಹೊತ್ತಿನಲ್ಲಿ ಉಸಿರಾಟ ಒಂದನ್ನೇ ಹಿಡಿದು ಕೂರೋದು ತಪ್ಪು.

ಮೆಡಿಕಲ್ ಅಂಗಡಿ (ಯಾದಗಿರಿ)

ಸಾಲದ ಮಾತಿಗೆ ನಾನು ಹೇಳುತ್ತೇನೆ. ಉಸಿರಿಗೆ ಸಾಲ ತೀರೋಲ್ಲ, ಸರಿ. ಸಂಘದವರು, ಫೈನಾನ್ಸ್‌ನವರು ಮನೆ ಮುಂದೆ ಬಂದು ಕೂಗಾಡುತ್ತಿದ್ದಾರಾ? ಹಾಗೆ ಕಿರುಕುಳ ಕೊಡೋದನ್ನು ತಡೆಯೋಕೆ 2025ರ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರ ಸುಗ್ರೀವಾಜ್ಞೆ ತಂದಿತು, ಆಮೇಲೆ ಅದು ಕಾಯ್ದೆಯೇ ಆಯಿತು. ಪೊಲೀಸ್ ಠಾಣೆಗೆ ದೂರು ಕೊಡಬಹುದು. ಎಲ್ಲ ಸಾಲ ಒಂದು ಹಾಳೆಯಲ್ಲಿ ಬರೆದುಕೋ, ಯಾರಿಗೆ ಎಷ್ಟು, ಬಡ್ಡಿ ಎಷ್ಟು ಅಂತ. ನನ್ನ ಅನುಭವ ಹೇಳುತ್ತೇನೆ, ತಲೆಯೊಳಗಿನ ಸಾಲ ಹಾಳೆ ಮೇಲಿನ ಸಾಲಕ್ಕಿಂತ ಯಾವಾಗಲೂ ದೊಡ್ಡದಿರುತ್ತೆ.

ಅಪ್ಪ ಮಲಗದೆ ಎರಡು ತಿಂಗಳು ಅಂದರೆ ಆ ಹಾಳೆ ಹಿಡಿದು ಬ್ಯಾಂಕಿಗೆ ಹೋಗಿ ಮಾತಾಡುವ ಶಕ್ತಿಯೂ ಇರೋಲ್ಲ. ಮೊದಲು ನಿದ್ದೆ ಬರಲಿ. ಈ ಒಂದು ವಿಷಯಕ್ಕೆ ಮಾಸ್ತರರ ಮೇಡಂ ಕಡೆ ನನ್ನದೂ ಓಟು.

ಸುರಪುರದ ಸೊಸೆ

ಅಣ್ಣಾ, ಬಾಟಲಿ ತೆಗೆದಿಟ್ಟೆಯಾ? ಅಷ್ಟು ಹೇಳಿಬಿಡು.

ತೊಗರಿ ಹೊಲ (ಜೇವರ್ಗಿ ಕಡೆ)

ತೆಗೆದೆ ಅಕ್ಕಾ. ಮೂರು ಇದ್ದವು. ಕಾಕಾನ ಮನೆಗೆ ಕೊಟ್ಟು ಬಂದೆ. ಫೋನ್ ಮಾಡುತ್ತಿದ್ದೇನೆ.

ಆಳಂದ ಮಾಸ್ತರ (ಕಲಬುರಗಿ)

ಕಲಬುರಗಿಗೆ ಬಂದರೆ ನನಗೆ ಇಲ್ಲೇ ಮೆಸೇಜ್ ಹಾಕು ತಮ್ಮಾ. ಬಸ್‌ಸ್ಟ್ಯಾಂಡಿಗೆ ಗಾಡಿ ತರುತ್ತೇನೆ. ಚೀಟಿ ಮಾಡಿಸೋ ಸಾಲಿನಲ್ಲಿ ನಾನು ನಿಲ್ಲುತ್ತೇನೆ, ನೀನು ಅಪ್ಪನ ಹತ್ತಿರ ಕೂತಿರು.

ತೊಗರಿ ಹೊಲ (ಜೇವರ್ಗಿ ಕಡೆ)

ಹದಿನೈದು ದಿನ ಆಯಿತು. ಬರೆಯೋಕೆ ಆಗಿರಲಿಲ್ಲ.

ಅವತ್ತು ರಾತ್ರಿ 14416ಕ್ಕೆ ನಾನು ಮಾತಾಡಿದೆ. ಆಮೇಲೆ ಅಪ್ಪನೇ ಫೋನ್ ಇಸಕೊಂಡ. ಮರುದಿನ ಕಲಬುರಗಿ. ಮಾಸ್ತರರು ಗಾಡಿ ತಂದಿದ್ದರು. ಡಾಕ್ಟರು ರಾತ್ರಿಗೆ ಒಂದು, ಬೆಳಿಗ್ಗೆಗೆ ಒಂದು ಮಾತ್ರೆ ಬರೆದರು, ವಾರಕ್ಕೊಮ್ಮೆ ಬನ್ನಿ ಅಂದರು. ಕೌನ್ಸೆಲರ್ ಹತ್ತಿರ ಅಪ್ಪ ಮೊದಲು ಬಾಯೇ ಬಿಡಲಿಲ್ಲ. ಅವರು ಸಾಲದ ಸುದ್ದಿ ಎತ್ತಲಿಲ್ಲ. ಗಂಟಲಲ್ಲಿ ಸಿಕ್ಕಿರೋದು ಎಷ್ಟು ದೊಡ್ಡದಿದೆ ಅಂತ ಕೇಳಿದರು. ಅಪ್ಪ ಸ್ವಲ್ಪ ಹೊತ್ತು ಯೋಚನೆ ಮಾಡಿ, ಬೆರಳು ಕೂಡಿಸಿ ತೋರಿಸಿದ. "ತೊಗರಿ ಕಾಳಿನಷ್ಟು" ಅಂದ. ಆಮೇಲೆ ಅರ್ಧ ತಾಸು ಹೊಲದ ಸುದ್ದಿ ಹೇಳಿದ, ಯಾವ ಸಾಲಿನಲ್ಲಿ ಮೊದಲು ಒಣಗಿತು ಅನ್ನೋದರಿಂದ ಹಿಡಿದು.

ಊಟ ಇನ್ನೂ ಕಮ್ಮಿ. ನಿನ್ನೆ ರಾತ್ರಿ ಮೂರರ ತನಕ ಮಲಗಿದ್ದ. ಬುಧವಾರ ಮತ್ತೆ ಹೋಗಬೇಕು. ಮಾಸ್ತರ, ಅವತ್ತು ನಿಮಗೆ ಶಾಲೆ ಇರುತ್ತೆ ಅಲ್ವಾ? ಚೀಟಿ ಕೌಂಟರ್ ಎಷ್ಟಕ್ಕೆ ತೆಗೀತಾರೆ ಹೇಳಿ, ಈ ಸಲ ನಾವೇ ಬರುತ್ತೇವೆ.